ದೆಹಲಿಯ ಅರ್ಥಶಾಸ್ತ್ರ ವಿಭಾಗ ಮತ್ತು ನಮ್ಮ ಲೆಕ್ಕದ ಪುಸ್ತಕ

(ವಿದ್ಯಾರ್ಥಿ ಪುರಸ್ಕಾರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಈಗಷ್ಟೇ ಮಕ್ಕಳು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಪುರಸ್ಕಾರ ಸ್ವೀಕರಿಸಿದರು. ಪ್ರತಿಯೊಬ್ಬರೂ ಮುಂದೆ ಏನು ಓದಲಿದ್ದಾರೆಂದು ನಿರೂಪಕರು ಕೇಳುತ್ತಿದ್ದರು. ಇಂಜಿನಿಯರಿಂಗ್, ವೈದ್ಯಕೀಯ, ಫಾರ್ಮಸಿ, ಮತ್ತೆ ಇಂಜಿನಿಯರಿಂಗ್. ಪ್ರತಿ ಉತ್ತರಕ್ಕೂ ಚಪ್ಪಾಳೆ ಬಿತ್ತು. ಕೊನೆಯ ಸಾಲಿನಿಂದ ಬಂದ ಒಬ್ಬ ಹುಡುಗಿ ಮಾತ್ರ ಮೆಲ್ಲಗೆ "ಅರ್ಥಶಾಸ್ತ್ರ" ಎಂದಳು. ಚಪ್ಪಾಳೆ ಬೀಳಲಿಲ್ಲ. ಹಿಂದಿನಿಂದ ಒಬ್ಬರು, "ಯಾಕಮ್ಮಾ, ಬ್ಯಾಂಕಿಗೆ ಸೇರಲಿಕ್ಕಾ?" ಎಂದು ಕೇಳಿದರು. ಸಭೆ ನಕ್ಕಿತು. ಕೇಳಿದವರಲ್ಲಿ ದುರುದ್ದೇಶವಿರಲಿಲ್ಲ. ಆದರೆ ಆ ನಗುವಿನಿಂದಾಗಿ ನಾವು ಬರೆದು ತಂದಿದ್ದ ಭಾಷಣವನ್ನು ಜೇಬಿನಲ್ಲೇ ಇಟ್ಟಿದ್ದೇವೆ. ಅದರ ಬದಲು, ಒಂದು ವಿಶ್ವವಿದ್ಯಾನಿಲಯದ ಒಂದೇ ಒಂದು ವಿಭಾಗ ಈ ದೇಶದಲ್ಲಿ ಏನೆಲ್ಲ ಮಾಡಿತು ಎಂಬುದನ್ನು ತಮ್ಮ ಮುಂದಿಡಲು ಬಯಸುತ್ತೇವೆ. ಅದು ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ವಿಭಾಗ. ಅದು ನೆಲೆಸಿರುವ ಸಂಸ್ಥೆಯನ್ನು ಲೋಕ 'ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್' ಎಂದು ಬಲ್ಲದು.

ಈ ಕಥೆ ದೆಹಲಿಯಲ್ಲಿ ಆರಂಭವಾಗುವುದಿಲ್ಲ. ಅದರ ಬೇರು ಒಂದು ಸರಳ ಪ್ರಶ್ನೆಯಲ್ಲಿದೆ: ಭಾರತೀಯನೊಬ್ಬನ ವರ್ಷದ ಆದಾಯವೆಷ್ಟು? ಆಂಗ್ಲರ ಆಳ್ವಿಕೆಯಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿದವರು ದಾದಾಭಾಯಿ ನವರೋಜಿ. ತಲೆಗೆ ವರ್ಷಕ್ಕೆ 20 ರೂಪಾಯಿ ಎಂದು ಅವರು ಲೆಕ್ಕ ಹಾಕಿದರು. ಅಷ್ಟಕ್ಕೇ ನಿಲ್ಲದೆ, ಸರಕಾರ ತನ್ನ ಜೈಲುಗಳಲ್ಲಿ ಕೈದಿಗಳ ಊಟ ಬಟ್ಟೆಗೆ ಮಾಡುವ ಖರ್ಚನ್ನು ಅದರ ಪಕ್ಕದಲ್ಲಿಟ್ಟು ತೋರಿಸಿದರು. ಸ್ವತಂತ್ರವಾಗಿ ದುಡಿಯುವ ರೈತನ ಪಾಲಿಗೆ ಬರುವುದಕ್ಕಿಂತ ಕೈದಿಯ ಮೇಲಿನ ಖರ್ಚೇ ಹೆಚ್ಚಾಗಿತ್ತು. ಸಾವಿರ ಭಾಷಣಗಳು ಮಾಡಲಾಗದ್ದನ್ನು ಆ ಎರಡು ಅಂಕಿಗಳು ಮಾಡಿದವು. ದೇಶ ಬಡವಾಗಿದೆ ಎಂಬ ದೂರು ಅಂದಿನಿಂದ ಪುರಾವೆಯ ರೂಪ ಪಡೆಯಿತು.

ನವರೋಜಿಯವರ ಲೆಕ್ಕ ಒರಟಾದ ಅಂದಾಜು. ಅದನ್ನು ಶಾಸ್ತ್ರೀಯವಾಗಿ ಬೆಳೆಸಿದವರು ವಿ.ಕೆ.ಆರ್.ವಿ. ರಾವ್. 1908ರಲ್ಲಿ ಕಾಂಚೀಪುರದಲ್ಲಿ ಹುಟ್ಟಿದ ರಾವ್, ಕೇಂಬ್ರಿಡ್ಜಿನಲ್ಲಿ ಸಂಶೋಧನೆ ಮಾಡುವಾಗ 1931-32ನೇ ಸಾಲಿನ ಬ್ರಿಟಿಷ್ ಭಾರತದ ರಾಷ್ಟ್ರೀಯ ಆದಾಯವನ್ನೇ ವಿಷಯವಾಗಿ ಆಯ್ದುಕೊಂಡರು. ಕೃಷಿ, ಗಣಿ, ಕೈಗಾರಿಕೆಗಳಲ್ಲಿ ಉತ್ಪಾದನೆಯ ಬೆಲೆಯನ್ನು ಲೆಕ್ಕ ಹಿಡಿದರು. ವ್ಯಾಪಾರ, ಸಾರಿಗೆ, ವೃತ್ತಿ, ಮನೆಗೆಲಸ ಮುಂತಾದವುಗಳಲ್ಲಿ ದುಡಿಯುವವರ ಆದಾಯವನ್ನು ಲೆಕ್ಕ ಹಿಡಿದರು. ಎರಡನ್ನೂ ಕೂಡಿಸಿ ದೇಶದ ಆದಾಯ ಕಂಡುಕೊಂಡರು. ಹೇಳುವುದು ಸುಲಭ. ಕುಂಬಾರನೊಬ್ಬನ, ಗಾಡಿ ಹೊಡೆಯುವವನ ಆದಾಯವನ್ನು ಯಾವ ಕಚೇರಿಯೂ ಬರೆದಿಡದ ಕಾಲದಲ್ಲಿ ಇದು ಎಂಥ ದುಡಿಮೆಯಾಗಿದ್ದೀತು ಎಂಬುದನ್ನು ಸಣ್ಣ ಅಂಗಡಿ ನಡೆಸುವ ನಮ್ಮ ಸಹೋದರರು ಚೆನ್ನಾಗಿ ಊಹಿಸಬಲ್ಲರು. ಈ ಕೃತಿ 1940ರಲ್ಲಿ ಪುಸ್ತಕವಾಗಿ ಹೊರಬಂತು.

1942ರಲ್ಲಿ ರಾವ್ ಅವರು ದೆಹಲಿ ವಿಶ್ವವಿದ್ಯಾನಿಲಯಕ್ಕೆ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಆಗ ಉಪಕುಲಪತಿಯಾಗಿದ್ದವರು ಸರ್ ಮಾರಿಸ್ ಗ್ವಯರ್. 1922ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಕ್ಕೆ ಅಂದು ಕೇವಲ ಇಪ್ಪತ್ತು ವರ್ಷ. ಲಂಡನ್ನಿನಲ್ಲಿರುವಂತಹ ಒಂದು ಅರ್ಥಶಾಸ್ತ್ರ ಶಾಲೆ ನಮ್ಮ ದೇಶದಲ್ಲೂ ಇರಬೇಕು, ನಮ್ಮ ಸಮಸ್ಯೆಗಳನ್ನು ನಮ್ಮವರೇ ಇಲ್ಲೇ ಕುಳಿತು ಅಧ್ಯಯನ ಮಾಡಬೇಕು ಎಂಬುದು ರಾವ್ ಅವರ ಹಂಬಲವಾಗಿತ್ತು. ಸ್ವಾತಂತ್ರ್ಯ ಬಂದು ಎರಡು ವರ್ಷವಾಗುವಷ್ಟರಲ್ಲಿ, 1949ರಲ್ಲಿ, ಆ ಶಾಲೆ ತಲೆಯೆತ್ತಿತು. ವಿಭಜನೆಯ ಗಾಯ ಆರಿರಲಿಲ್ಲ, ದೆಹಲಿಯ ತುಂಬ ನಿರಾಶ್ರಿತರಿದ್ದರು. ಅಂತಹ ಹೊತ್ತಿನಲ್ಲಿ ಗ್ರಂಥಾಲಯ, ಸಂಶೋಧನೆ ಎಂದು ಹಣ ಕೂಡಿಸಲು ಹೊರಡುವುದಕ್ಕೆ ಎದೆಗಾರಿಕೆ ಬೇಕು. 1952ರಲ್ಲಿ ಅಲ್ಲಿಂದ 'ಇಂಡಿಯನ್ ಇಕನಾಮಿಕ್ ರಿವ್ಯೂ' ಎಂಬ ಪತ್ರಿಕೆಯೂ ಆರಂಭವಾಯಿತು.

ಅದೇ 1949ರಲ್ಲಿ ಭಾರತ ಸರಕಾರ ರಾಷ್ಟ್ರೀಯ ಆದಾಯ ಸಮಿತಿಯನ್ನು ನೇಮಿಸಿತು. ಮಹಾಲನೋಬಿಸ್ ಅಧ್ಯಕ್ಷರು, ಗಾಡ್ಗೀಳ್ ಮತ್ತು ರಾವ್ ಸದಸ್ಯರು. ವಿದ್ಯಾರ್ಥಿಯಾಗಿ ಒಬ್ಬಂಟಿಯಾಗಿ ಮಾಡಿದ ಲೆಕ್ಕವನ್ನು ಈಗ ಸ್ವತಂತ್ರ ದೇಶವೇ ಅಧಿಕೃತವಾಗಿ ಮಾಡತೊಡಗಿತು. ಇಂದು ಟಿವಿಯಲ್ಲಿ ಜಿಡಿಪಿ ಏರಿತು, ಇಳಿಯಿತು ಎಂದು ಕೂಗಾಡುವವರು ಈ ಹೆಸರುಗಳನ್ನು ಕೇಳಿದ್ದಾರೋ ಇಲ್ಲವೋ.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ವಿಶ್ವಸಂಸ್ಥೆಯ ಆರ್ಥಿಕ ಅಭಿವೃದ್ಧಿ ಉಪ ಆಯೋಗದ ಅಧ್ಯಕ್ಷರಾಗಿದ್ದ ರಾವ್, ಬಡ ದೇಶಗಳಿಗೆ ಸಾಮಾನ್ಯ ಬಡ್ಡಿಯ ಸಾಲ ಹೊರೆಯಾಗುತ್ತದೆ, ಅವುಗಳಿಗೆ ಬೇರೆಯೇ ಷರತ್ತಿನ ನೆರವು ಬೇಕು ಎಂದು 1949ರಲ್ಲೇ ಪ್ರಸ್ತಾವನೆ ಮಂಡಿಸಿದರು. ಶ್ರೀಮಂತ ರಾಷ್ಟ್ರಗಳು ಮೊದಲು ಒಪ್ಪಲಿಲ್ಲ. 1960ರಲ್ಲಿ ವಿಶ್ವಬ್ಯಾಂಕಿನ ಅಂಗವಾಗಿ ಅಂತಾರಾಷ್ಟ್ರೀಯ ಅಭಿವೃದ್ಧಿ ಸಂಘ ಹುಟ್ಟಿದಾಗ ಅದರ ಹಿಂದೆ ಈ ವಿಚಾರದ ಎಳೆ ಇತ್ತು. ಆ ಸಂಘ ಅತಿ ಬಡ ದೇಶಗಳಿಗೆ ಬಹುಕಾಲ ಬಡ್ಡಿ ಹಾಕದೆ, ಶೇ. 0.75ರಷ್ಟು ಸೇವಾಶುಲ್ಕ ಮಾತ್ರ ಪಡೆದು ಸಾಲ ನೀಡಿತು. "ಬ್ಯಾಂಕಿಗೆ ಸೇರಲಿಕ್ಕಾ" ಎಂದು ಕೇಳಿದ ಹಿರಿಯರಿಗೆ ಇದು ನಮ್ಮ ಮೊದಲ ಉತ್ತರ. ಬಡ್ಡಿ ಬಡವನನ್ನು ಏನು ಮಾಡುತ್ತದೆ ಎಂಬುದನ್ನು ಲೋಕದ ಮುಂದೆ ವಾದಿಸಲು ಬ್ಯಾಂಕು ಸೇರಬೇಕಾಗಿಲ್ಲ, ಅರ್ಥಶಾಸ್ತ್ರ ಓದಿರಬೇಕು.

ರಾವ್ ಅವರ ದೊಡ್ಡತನ ಇನ್ನೊಂದಿದೆ. ತಮಗಿಂತ ಕಿರಿಯರನ್ನು, ತಮ್ಮನ್ನೇ ಮೀರಿಸಬಲ್ಲವರನ್ನು ಕರೆತಂದು ಕೂರಿಸಲು ಅವರು ಅಂಜಲಿಲ್ಲ. ನಮ್ಮ ಸಂಘ ಸಂಸ್ಥೆಗಳ ಪದಾಧಿಕಾರಿಗಳು ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು! ಮೊದಲ ಪಂಚವಾರ್ಷಿಕ ಯೋಜನೆಯ ರಚನೆಯಲ್ಲಿ ಇಪ್ಪತ್ತಾರರ ಹರೆಯದಲ್ಲೇ ತೊಡಗಿದ್ದ ಕೆ.ಎನ್. ರಾಜ್ 1953ರಲ್ಲಿ ಈ ಶಾಲೆಗೆ ಬಂದರು. ಅರುವತ್ತರ ದಶಕದ ಆರಂಭದಲ್ಲಿ ಜಗದೀಶ್ ಭಗವತಿ, ಸುಖಮಯ್ ಚಕ್ರವರ್ತಿ, ಅಮರ್ತ್ಯ ಸೇನ್ ಬಂದರು. 1969ರಲ್ಲಿ ಮನಮೋಹನ್ ಸಿಂಗ್ ಅಂತಾರಾಷ್ಟ್ರೀಯ ವ್ಯಾಪಾರದ ಪ್ರಾಧ್ಯಾಪಕರಾಗಿ ಬಂದರು. ಒಂದೇ ಛಾವಣಿಯಡಿ ಇಷ್ಟೊಂದು ಪ್ರತಿಭೆ ಕೂಡಿದ್ದು ಅಪರೂಪ. ಇವರೆಲ್ಲ ಒಂದೇ ಅಭಿಪ್ರಾಯದವರೆಂದು ಭಾವಿಸಬೇಡಿ. ಆಮದು ಪರವಾನಿಗೆಯ ವ್ಯವಸ್ಥೆ ದೇಶವನ್ನು ಹಿಂದಕ್ಕೆಳೆಯುತ್ತಿದೆ ಎಂದು ಭಗವತಿ ವಾದಿಸಿದರು. ರಾಜ್ ಮತ್ತು ಚಕ್ರವರ್ತಿ ಯೋಜನೆಯಲ್ಲಿ ನಂಬಿಕೆಯಿಟ್ಟವರು. ಭಗವತಿ ಮತ್ತು ಸೇನ್ ಅವರ ಭಿನ್ನಮತವಂತೂ 2013ರಲ್ಲಿ, ಇಬ್ಬರೂ ಎಂಬತ್ತರ ಆಸುಪಾಸಿನಲ್ಲಿದ್ದಾಗ, ಪತ್ರಿಕೆಗಳ ಪುಟ ತುಂಬಿತು. ಭಿನ್ನಮತ ಬಂದೊಡನೆ ಸಂಸ್ಥೆಯನ್ನು ಎರಡು ಹೋಳು ಮಾಡುವ ಅಭ್ಯಾಸ ಆ ವಿಭಾಗಕ್ಕೆ ಇರಲಿಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ.

ಅಮರ್ತ್ಯ ಸೇನ್ ಅವರ ಬಗ್ಗೆ ತುಸು ಹೆಚ್ಚು ಹೇಳಬೇಕಾಗಿದೆ. 1963ರಿಂದ 1971ರವರೆಗೆ ಅವರು ದೆಹಲಿಯಲ್ಲಿ ಕಲಿಸಿದರು. ಹಲವರ ಇಚ್ಛೆಗಳನ್ನು ಕೂಡಿಸಿ ಇಡೀ ಸಮಾಜ ಒಂದು ತೀರ್ಮಾನಕ್ಕೆ ಬರುವುದು ಹೇಗೆ, ಆ ತೀರ್ಮಾನದಲ್ಲಿ ಒಬ್ಬ ವ್ಯಕ್ತಿಯ ಹಕ್ಕಿಗೆ ಎಷ್ಟು ಜಾಗ ಉಳಿಯುತ್ತದೆ ಎಂಬ ಕುರಿತು 1970ರಲ್ಲಿ ಹೊರಬಂದ ಅವರ ಗ್ರಂಥ ಈ ವರ್ಷಗಳ ಫಲ. 1998ರಲ್ಲಿ ನೊಬೆಲ್ ಪುರಸ್ಕಾರ ಬಂದಾಗ ಈ ಕೆಲಸವನ್ನೂ ಗಣನೆಗೆ ತೆಗೆದುಕೊಳ್ಳಲಾಯಿತು. ಆದರೆ ಇವರನ್ನು ಈ ದಾರಿಗೆ ತಂದ ನೆನಪುಗಳಲ್ಲಿ ಒಂದು ಒಬ್ಬ ಮುಸ್ಲಿಮ್ ಕೂಲಿಕಾರನದು ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಸೇನ್ ಆಗ ಢಾಕಾದಲ್ಲಿದ್ದ ಹುಡುಗ. ನಲವತ್ತರ ದಶಕದ ಕೋಮುಗಲಭೆಯ ದಿನಗಳು. ಒಂದು ಮಧ್ಯಾಹ್ನ, ಬೆನ್ನಿಗೆ ಚೂರಿ ಇರಿತಕ್ಕೊಳಗಾದ ವ್ಯಕ್ತಿಯೊಬ್ಬ ರಕ್ತ ಸುರಿಸುತ್ತಾ ಅವರ ಮನೆಯ ಗೇಟಿನೊಳಗೆ ಬಂದ. ಹೆಸರು ಖಾದರ್ ಮಿಯಾ. ಅಪಾಯದ ಪ್ರದೇಶಕ್ಕೆ ಹೋಗಬೇಡಿ ಎಂದು ಹೆಂಡತಿ ಬೇಡಿಕೊಂಡಿದ್ದಳಂತೆ. ಮನೆಯಲ್ಲಿ ಊಟಕ್ಕಿಲ್ಲದ್ದರಿಂದ ಕೂಲಿ ಹುಡುಕಿಕೊಂಡು ಬಂದಿದ್ದ. ಹುಡುಗ ನೀರು ಕೊಟ್ಟ, ತಂದೆ ಆಸ್ಪತ್ರೆಗೆ ಒಯ್ದರು, ಖಾದರ್ ಮಿಯಾ ಬದುಕಲಿಲ್ಲ. ಬಡತನವೆಂದರೆ ಹಣವಿಲ್ಲದಿರುವುದಷ್ಟೇ ಅಲ್ಲ, ಜೀವ ಉಳಿಸಿಕೊಳ್ಳುವ ಆಯ್ಕೆಯೂ ಇಲ್ಲದಿರುವುದು ಎಂದು ಆ ಸಾವು ತನಗೆ ಕಲಿಸಿತೆಂದು ಸೇನ್ ತಮ್ಮ ಆತ್ಮವೃತ್ತಾಂತದಲ್ಲಿ ಹೇಳಿಕೊಂಡಿದ್ದಾರೆ.

ಅದೇ ಹುಡುಗ 1943ರ ಬಂಗಾಳ ಕ್ಷಾಮವನ್ನೂ ಕಂಡಿದ್ದ. ಸುಮಾರು 30 ಲಕ್ಷ ಜನ ಸತ್ತ ಆ ಕ್ಷಾಮಕ್ಕೆ ಆಹಾರದ ಕೊರತೆಯೇ ಕಾರಣವೆಂದು ಎಲ್ಲರೂ ನಂಬಿದ್ದರು. ದೆಹಲಿಯಿಂದ ಇಂಗ್ಲೆಂಡಿಗೆ ಹೋದ ಮೇಲೆ, 1981ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಸೇನ್ ಬೆಳೆಯ ಲೆಕ್ಕ ತೆಗೆದರು. ಕ್ಷಾಮವಿಲ್ಲದಿದ್ದ 1941ಕ್ಕಿಂತ 1943ರಲ್ಲಿ ಆಹಾರ ಹೆಚ್ಚೇ ಇತ್ತು! ಅಕ್ಕಿ ಇತ್ತು, ಕೂಲಿಕಾರನ ಕೈಯಲ್ಲಿ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಸಾವಿಗೆ ಹೊಣೆ ಆಕಾಶದ್ದಲ್ಲ, ಆಳುವವರದ್ದು ಎಂಬುದು ಅಂಕಿಗಳಿಂದ ಸಾಬೀತಾಯಿತು.

ಈ ಸಾಲಿನಲ್ಲಿ ನಮ್ಮವರು ಯಾರೂ ಇರಲಿಲ್ಲವೇ ಎಂಬ ಪ್ರಶ್ನೆ ತಮ್ಮ ಮನಸ್ಸಿನಲ್ಲಿ ಎದ್ದಿರಬಹುದು. ಇದ್ದರು. ಹೈದರಾಬಾದಿನ ಅಲಿ ಮುಹಮ್ಮದ್ ಖುಸ್ರೋ. ನಿಜಾಮರ ಸೀಮೆಯಲ್ಲಿ ಜಾಗೀರುದಾರಿ ರದ್ದಾದಾಗ ಗೇಣಿದಾರರ ಪಾಡೇನಾಯಿತು ಎಂಬ ಕುರಿತ ಅವರ ಅಧ್ಯಯನ 1958ರಲ್ಲಿ ಪ್ರಕಟವಾಯಿತು. ಬೀದರ್, ಕಲಬುರಗಿ, ರಾಯಚೂರು ಕೂಡ ಒಂದು ಕಾಲಕ್ಕೆ ಅದೇ ಸೀಮೆಗೆ ಸೇರಿದ್ದವು ಎಂಬುದನ್ನು ನೆನಪಿಸಿಕೊಳ್ಳಬೇಕು. ಅವರು ದೆಹಲಿ ಸ್ಕೂಲಿನಲ್ಲಿ ಪ್ರಾಧ್ಯಾಪಕರಾದರು. 1974ರಿಂದ 1979ರವರೆಗೆ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದರು. 1998ರಲ್ಲಿ ನೇಮಕವಾದ ಹನ್ನೊಂದನೇ ಹಣಕಾಸು ಆಯೋಗದ ಅಧ್ಯಕ್ಷರಾದರು. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆಲ್ಲ ಕೂಡಿ ಶೇ. 29.5 ಸಲ್ಲಬೇಕೆಂದು ಆ ಆಯೋಗ ಶಿಫಾರಸು ಮಾಡಿತು. ಕರ್ನಾಟಕದ ಖಜಾನೆಗೆ ಐದು ವರ್ಷ ಬಂದ ಪಾಲನ್ನು ನಿರ್ಧರಿಸಿದ ಆಯೋಗದ ಅಧ್ಯಕ್ಷ ಪೀಠದಲ್ಲಿ ಒಬ್ಬ ಮುಸ್ಲಿಮ್ ಅರ್ಥಶಾಸ್ತ್ರಜ್ಞ ಕುಳಿತಿದ್ದರು. 2003ರಲ್ಲಿ ಅವರು ತೀರಿಕೊಂಡರು. ನಮ್ಮ ಎಷ್ಟು ಶಾಲೆಗಳ ಗೋಡೆಯ ಮೇಲೆ ಅವರ ಚಿತ್ರವಿದೆ?

ಇನ್ನು ಕರ್ನಾಟಕದ ನಂಟು. ಮೈಸೂರಿನ ಎಂ.ಎನ್. ಶ್ರೀನಿವಾಸ್ 1959ರಲ್ಲಿ ಇದೇ ಸಂಸ್ಥೆಯಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ರಾವ್ ಅವರು 1967ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದರು, ಕೇಂದ್ರದ ಶಿಕ್ಷಣ ಸಚಿವರೂ ಆದರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿ ಶ್ರೀನಿವಾಸರನ್ನೂ ಅಲ್ಲಿಗೆ ಕರೆತಂದರು. ನಾಗರಭಾವಿಯಲ್ಲಿರುವ ಆ ಸಂಸ್ಥೆಯ ಗ್ರಂಥಾಲಯಕ್ಕೆ ಇಂದು ರಾವ್ ಅವರದೇ ಹೆಸರು. ಕೆ.ಎನ್. ರಾಜ್ 1971ರಲ್ಲಿ ತಿರುವನಂತಪುರಕ್ಕೆ ತೆರಳಿ ಅಭಿವೃದ್ಧಿ ಅಧ್ಯಯನ ಕೇಂದ್ರ ಕಟ್ಟಿದರು. ಕಡಿಮೆ ಆದಾಯದಲ್ಲೂ ಒಳ್ಳೆಯ ಆರೋಗ್ಯ ಮತ್ತು ಶಿಕ್ಷಣ ಸಾಧ್ಯವೆಂಬ 'ಕೇರಳ ಮಾದರಿ'ಯ ಚರ್ಚೆ ಅಲ್ಲಿಂದ ಹೊರಬಂದ 1975ರ ವರದಿಯಿಂದ ಬೆಳೆಯಿತು. ಒಂದು ವಿಭಾಗದಿಂದ ಹೊರಟ ಬೀಜಗಳು ಎಲ್ಲೆಲ್ಲಿ ಬಿದ್ದವು ನೋಡಿ.

1992ರಲ್ಲಿ ಕೌಶಿಕ್ ಬಸು ಅವರ ಮುಂದಾಳತ್ವದಲ್ಲಿ ವಿಭಾಗದಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರ ಕೇಂದ್ರ ಆರಂಭವಾಯಿತು. ಬೆಲ್ಜಿಯಂನಲ್ಲಿ ಹುಟ್ಟಿ ಭಾರತದ ಪೌರರಾದ ಜ್ಯಾಂ ಡ್ರೇಜ್ ಅಲ್ಲಿದ್ದವರು. ಅವರೂ ಸೇರಿದ್ದ ತಂಡವೊಂದು ಈ ಕೇಂದ್ರದ ಸಹಯೋಗದಲ್ಲಿ 1996ರಲ್ಲಿ ಉತ್ತರ ಭಾರತದ ಹಳ್ಳಿಗಳ ಶಾಲೆಗಳ ಸಮೀಕ್ಷೆ ನಡೆಸಿತು. ವರದಿ 1999ರಲ್ಲಿ ಪ್ರಕಟವಾಯಿತು. "ಬಡವರಿಗೆ ಮಕ್ಕಳನ್ನು ಓದಿಸುವ ಆಸೆಯೇ ಇಲ್ಲ, ದುಡಿಮೆಗೆ ಹಚ್ಚುತ್ತಾರೆ" ಎಂಬುದು ಅಧಿಕಾರಿಗಳ ಸಿದ್ಧ ಉತ್ತರವಾಗಿತ್ತು. ತಂಡ ಮನೆಮನೆಗೆ ಹೋಗಿ ಕೇಳಿತು. ಗಂಡುಮಕ್ಕಳಿಗೆ ಓದು ಮುಖ್ಯವೆಂದವರು ಶೇ. 98, ಹೆಣ್ಣುಮಕ್ಕಳಿಗೂ ಮುಖ್ಯವೆಂದವರು ಶೇ. 89. ಇನ್ನು ಶಾಲೆಗಳಿಗೆ ಹೋದರೆ, ಭೇಟಿಯ ಹೊತ್ತಿನಲ್ಲಿ ಸುಮಾರು ಅರ್ಧದಷ್ಟು ಶಾಲೆಗಳಲ್ಲಿ ಪಾಠವೇ ನಡೆಯುತ್ತಿರಲಿಲ್ಲ. ತಪ್ಪು ಯಾರದು ಎಂಬುದು ತಿಳಿಯಿತಲ್ಲ!

ಈಗ ಮನಮೋಹನ್ ಸಿಂಗರ ಕಡೆಗೆ ಬರೋಣ. ಅವರು ಎರಡೇ ವರ್ಷ ಕಲಿಸಿ 1971ರಲ್ಲಿ ಸರಕಾರದ ಸೇವೆಗೆ ಹೋದರು. 1991ರಲ್ಲಿ ಹಣಕಾಸು ಸಚಿವರಾಗಿ ಅವರು ತಂದ ಬದಲಾವಣೆಗಳ ಬಗ್ಗೆ ನಮಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ; ಅದು ಇನ್ನೊಂದು ದಿನದ ಮಾತು. 2005ರ ಮಾರ್ಚ್‌ನಲ್ಲಿ ಪ್ರಧಾನಿಯಾಗಿ ಅವರು ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯನ್ನು ನೇಮಿಸಿದರು. ಅರ್ಥಶಾಸ್ತ್ರಜ್ಞ ಅಬೂಸಾಲೆಹ್ ಶರೀಫ್ ಅದರ ಸದಸ್ಯ ಕಾರ್ಯದರ್ಶಿ. 2006ರ ನವೆಂಬರ್‌ನಲ್ಲಿ ವರದಿ ಬಂತು. ಅದುವರೆಗೆ ಒಂದು ಕಡೆಯವರು ಮುಸ್ಲಿಮರ ತುಷ್ಟೀಕರಣ ನಡೆಯುತ್ತಿದೆ ಎನ್ನುತ್ತಿದ್ದರು. ನಾವು ಅನ್ಯಾಯವಾಗುತ್ತಿದೆ ಎನ್ನುತ್ತಿದ್ದೆವು. ಇಬ್ಬರ ಕೈಯಲ್ಲೂ ಲೆಕ್ಕವಿರಲಿಲ್ಲ. ಸಾಚಾರ್ ವರದಿ ಲೆಕ್ಕ ಇಟ್ಟಿತು. 2001ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ. 65.1 ಇದ್ದರೆ ಮುಸ್ಲಿಮರದು ಶೇ. 59.1. ಐಎಎಸ್‌ನಲ್ಲಿ ಮುಸ್ಲಿಮರು ಶೇ. 3. ಮುಸ್ಲಿಮರ ಮಕ್ಕಳೆಲ್ಲ ಮದ್ರಸಗಳಲ್ಲೇ ಓದುತ್ತಾರೆ ಎಂದು ಎಷ್ಟೊಂದು ಮಂದಿ ಹೇಳುತ್ತಿದ್ದರು? ಶಾಲಾ ವಯಸ್ಸಿನ ಮಕ್ಕಳಲ್ಲಿ ಮದ್ರಸಕ್ಕೆ ಹೋಗುವವರು ಶೇ. 3ರ ಆಸುಪಾಸು ಎಂದು ವರದಿ ತೋರಿಸಿತು. ಆ ಸುಳ್ಳಿಗೆ ನಾವು ದಶಕಗಳ ಕಾಲ ಕೋಪದಿಂದ ಉತ್ತರಿಸಿದ್ದೆವು.

ಅದೇ ವರದಿಯ ಇನ್ನೊಂದು ಅಂಕಿ ಇಂದಿನ ಸಭೆಗೆ ನೇರವಾಗಿ ಸಂಬಂಧಿಸಿದೆ. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬ, ಸ್ನಾತಕೋತ್ತರ ತರಗತಿಯ 50ರಲ್ಲಿ ಒಬ್ಬ ಮಾತ್ರ ಮುಸ್ಲಿಮ್. ದೆಹಲಿಯ ಈ ವಿಭಾಗವನ್ನು ಇಷ್ಟು ಹೊಗಳಿದ ಮೇಲೆ ಅದರ ಕುಂದನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ ಪಳಗಿದವರಿಗೆ, ಗಣಿತದಲ್ಲಿ ಗಟ್ಟಿಯಾಗಿರುವವರಿಗೆ ಅದರ ಬಾಗಿಲು ತೆರೆಯುತ್ತದೆ. ಸಣ್ಣ ಊರಿನ ಕನ್ನಡ ಅಥವಾ ಉರ್ದು ಶಾಲೆಯ ಮಗುವಿಗೆ ಆ ಮೆಟ್ಟಿಲು ಬಹಳ ಎತ್ತರ. ಅಲ್ಲಿ ಕಲಿತ ಎಷ್ಟೋ ಮಂದಿ ನೇರವಾಗಿ ಅಮೆರಿಕದ ವಿಮಾನ ಹತ್ತುತ್ತಾರೆ. ಬಡತನದ ಬಗ್ಗೆ ಬರೆಯುವವರಲ್ಲಿ ಬಡತನ ಕಂಡವರು ಕಡಿಮೆಯಾಗಿದ್ದರೆ ಅದು ವಿಭಾಗದ ಕೊರತೆ. ಆದರೆ ಮೆಟ್ಟಿಲು ಎತ್ತರವೆಂದು ದೂರುವ ಮುನ್ನ, ನಮ್ಮ ಮಕ್ಕಳು ಆ ಬಾಗಿಲು ತಟ್ಟಿದ್ದಾರೆಯೇ ಎಂದೂ ಕೇಳಿಕೊಳ್ಳಬೇಕಲ್ಲವೇ? ದೆಹಲಿ ದೂರವೆನ್ನುವವರಿಗೆ ಬೆಂಗಳೂರು ದೂರವಲ್ಲ. 2017ರಲ್ಲಿ ಅಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಇಕನಾಮಿಕ್ಸ್ ಆರಂಭವಾಗಿದೆ. ಪಿಯುಸಿಯಲ್ಲಿ ಗಣಿತವನ್ನು ಕೈಬಿಡಬೇಡಿ ಎಂಬುದಷ್ಟೇ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ.

ಕಳೆದ ತಿಂಗಳು ಇದೇ ಊರಿನ ಹಿರಿಯರೊಂದಿಗೆ ಕುಳಿತಿದ್ದೆವು. ಎಸೆಸೆಲ್ಸಿಯ ನಂತರ ಓದು ಬಿಟ್ಟ ಹುಡುಗರು ಹೆಚ್ಚುತ್ತಿದ್ದಾರೆ ಎಂದು ಎಲ್ಲರೂ ಕಳವಳಪಟ್ಟರು. ಎಷ್ಟು ಮಂದಿ ಎಂದು ಕೇಳಿದೆವು. ಒಬ್ಬರು ಇಪ್ಪತ್ತು ಎಂದರು. ಇನ್ನೊಬ್ಬರು ನೂರಕ್ಕೆ ಕಡಿಮೆಯಿಲ್ಲ ಎಂದರು. ಸಾಲದ ಸುಳಿಯಲ್ಲಿ ಸಿಕ್ಕ ಮನೆಗಳೆಷ್ಟು? ಬೀಡಿ ಕಟ್ಟುವ ತಾಯಂದಿರೆಷ್ಟು? ವಿಧವೆಯರಲ್ಲಿ ಸರಕಾರದ ಪಿಂಚಣಿ ಪಡೆಯುತ್ತಿರುವವರೆಷ್ಟು? ಪ್ರತಿಯೊಂದಕ್ಕೂ "ತುಂಬಾ ಇದ್ದಾರೆ" ಎಂಬುದೇ ಉತ್ತರ. ಮಸೀದಿಯ ಚಂದಾ ಪುಸ್ತಕದಲ್ಲಿ ಎಲ್ಲ ಮನೆಗಳ ಹೆಸರಿದೆ, ಯಾರು ಬಾಕಿ ಇಟ್ಟಿದ್ದಾರೆ ಎಂಬುದೂ ಇದೆ. ಯಾಕೆ ಬಾಕಿ ಇಟ್ಟಿದ್ದಾರೆ ಎಂಬ ಕಾಲಂ ಇಲ್ಲ. ಜಿಲ್ಲಾಧಿಕಾರಿಗೆ ಮನವಿ ಕೊಡಲು ಹೋದಾಗ ಮೊದಲು ಬರುವ ಪ್ರಶ್ನೆ ಅದೇ: ಎಷ್ಟು ಜನ? ನಾವು ಪರಸ್ಪರ ಮುಖ ನೋಡಿಕೊಳ್ಳುತ್ತೇವೆ.

ಆ ಕೂಟದಲ್ಲೇ ಒಂದು ಪ್ರಶ್ನಾವಳಿ ಸಿದ್ಧವಾಯಿತು. ಎರಡು ಪುಟ, ಹದಿನೆಂಟು ಪ್ರಶ್ನೆಗಳು. ಹೆಸರು ಬರೆಯಬೇಕಾಗಿಲ್ಲ, ಮನೆಗೊಂದು ಸಂಖ್ಯೆ ಸಾಕು; ಸಾಲದ ಬಗ್ಗೆ ಕೇಳಿದಾಗ ಸಂಕೋಚವಾಗುವುದು ಸಹಜ, ಉತ್ತರಿಸದೆ ಬಿಡಬಹುದು. ಹೆಂಗಸರನ್ನು ಹೆಣ್ಣುಮಕ್ಕಳೇ ಕೇಳುತ್ತಾರೆ. ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಒಂಬತ್ತು ವಿದ್ಯಾರ್ಥಿಗಳು ಈಗಾಗಲೇ ಹೆಸರು ಕೊಟ್ಟಿದ್ದಾರೆ. ಬಂದ ಉತ್ತರಗಳನ್ನು ಕೂಡಿಸಿ ಪಟ್ಟಿ ಮಾಡುವವರು ಯಾರು ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಕೊನೆಯ ಸಾಲಿನಲ್ಲಿ ಕುಳಿತಿರುವ ಮಗಳೇ, ಸಭೆ ಮುಗಿದ ಮೇಲೆ ನಿನ್ನ ತಂದೆಯನ್ನೂ ಕರೆದುಕೊಂಡು ಆ ಮೇಜಿನ ಹತ್ತಿರ ಬಾ. ನಿನ್ನೊಡನೆ ಮಾತನಾಡುವುದಿದೆ.